ಗಾಡಿ ಬರೋತನಕ ಮಾತು

ಲಕ್ಷ್ಮಿಕಾಂತ ಲೇಖಕನಾಗುತ್ತಿದ್ದದ್ದು ಕರೆಂಟು ಹೋದಾಗ ಮಾತ್ರ. ಸೇಡಂ ಸ್ಟೇಷನ್ನಿನ ಆಚೆ, ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಷ್ ಮಾಡುವ ಮಷೀನುಗಳ ಸಾಲಿನಲ್ಲಿ ಅವನ ನೌಕರಿ. ನುಣುಪಾದ ಕಲ್ಲಿನ ಮೇಲೆ ಕೆಂಪು ಬಳಪದಿಂದ ಉದ್ದ ಅಗಲ ಬರೆಯುವುದು, ಲಾರಿ ತುಂಬುವವರ ಜೊತೆ ಜಗಳ ತೆಗೆಯುವುದು, ಯಾರೋ ಒಡೆದ ಕಲ್ಲಿಗೆ ತಾನು ಬೈಸಿಕೊಳ್ಳುವುದು. ಮಧ್ಯಾಹ್ನ ತ್ರೀಫೇಜ್ ಹೋಯಿತೆಂದರೆ ಮಷೀನುಗಳು ಗಪ್ಪಾಗುತ್ತಿದ್ದವು. ಕೂಲಿಯವರು ಬುತ್ತಿ ಬಿಚ್ಚಿ, ಉಂಡು, ಲಾರಿ ಕೆಳಗಿನ ನೆರಳಿಗೆ ಅಡ್ಡಾಗುತ್ತಿದ್ದರು. ಲಕ್ಷ್ಮಿಕಾಂತ ಮಾತ್ರ ಮುಖ ತೊಳೆದು, ಹುಬ್ಬಿಗೆ ಅಂಟಿದ ಕಲ್ಲಿನ ಪುಡಿ ಉಜ್ಜಿ, ಸೈಕಲ್ ಹತ್ತಿ ಸಾಹಿತ್ಯಕ್ಕೆ ಹೊರಡುತ್ತಿದ್ದ. ಪುಡಿ ಪೂರ್ತಿ ಹೋಗುತ್ತಿರಲಿಲ್ಲ. ಇಷ್ಟು ಎಳೆ ವಯಸ್ಸಿಗೆ ಹುಬ್ಬು ನೆರೆತಂತೆ ಕಾಣುವುದು ಚಿಂತಕನಾದವನಿಗೆ ಒಪ್ಪುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಚಿಂತಕ ಅನ್ನುವ ಮಾತನ್ನು ಅವನು ಬರೀ ಅಂದುಕೊಂಡಿರಲಿಲ್ಲ, ಅಚ್ಚು ಹಾಕಿಸಿದ್ದ. ಚಿತ್ತಾಪುರದ ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಗಳ ನಡುವೆ ಅವನ ಕಾರ್ಡೂ ಅಚ್ಚಾಗಿತ್ತು: ‘ಲಕ್ಷ್ಮಿಕಾಂತ, ಬಿ.ಎ., ಫ್ರೀಲ್ಯಾನ್ಸ್ ಲೇಖಕ, ಜನಪ್ರಿಯ ಸಂಸ್ಕೃತಿ ಚಿಂತಕ, ಮು. ಮುಧೋಳ.’ ಅಂಚಿಗೆ ಮದುವೆ ಪತ್ರಿಕೆಯದೇ ಬಳ್ಳಿ. ಅವನ ಅವ್ವ ಮಹಾದೇವಮ್ಮ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, “ಇದನ್ನ ತೋರಿಸಿದ್ರ ಬಸ್ಸಿನಾಗ ಸೀಟು ಕೊಡ್ತಾರೇನು?” ಎಂದು ಕೇಳಿದ್ದಳು. ಕೊಡುವುದಿಲ್ಲ ಎಂದು ಗೊತ್ತಾದ ಮೇಲೆ ಆ ಕಾರ್ಡಿನ ಬಗ್ಗೆ ಮತ್ತೆ ವಿಚಾರಿಸಲಿಲ್ಲ.

ಗುಲ್ಬರ್ಗದ ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಗೆ ಅವನು ಬರೆಯುತ್ತಿದ್ದ. ಶಹಾಬಾದದ ಕ್ಯಾಸೆಟ್ ಅಂಗಡಿಗಳು, ಬ್ಯಾಂಡ್ ಕಂಪನಿಯವರ ಜರಿ ಕೋಟು, ಫೋಟೋ ಸ್ಟುಡಿಯೋದ ಪರದೆಯ ಮೇಲೆ ಪೇಂಟರು ಬರೆದ ಹಿಮದ ಗುಡ್ಡ, ಅದರ ಮುಂದೆ ನಿಂತು ಬೆವರುವ ನವದಂಪತಿ, ಇಂಥವು. ಸಂಪಾದಕರು ಪ್ರತಿ ಸಲವೂ ಕಡೆಯ ಪ್ಯಾರಾ ಕತ್ತರಿಸಿ ಆ ಜಾಗದಲ್ಲಿ ಮೂಲವ್ಯಾಧಿಯ ಜಾಹೀರಾತು ಹಾಕುತ್ತಿದ್ದರು. ಲಕ್ಷ್ಮಿಕಾಂತನ ಚಿಂತನೆಯೆಲ್ಲ ಕಡೆಯ ಪ್ಯಾರಾದಲ್ಲೇ ಇರುತ್ತಿತ್ತು. ಮುಧೋಳಕ್ಕೆ ಪೇಪರು ಬರುತ್ತಿದ್ದದ್ದು ಹಜಾಮತಿ ಅಂಗಡಿಗೆ ಮಾತ್ರ. ಒಂದು ಸೋಮವಾರ ಗಡ್ಡ ಮಾಡಿಸಲು ಕೂತಾಗ, ಅಂಗಡಿಯವನು ಕತ್ತಿಯ ನೊರೆ ಒರೆಸುತ್ತಿದ್ದ ಹಾಳೆಯಲ್ಲಿ ತನ್ನ ಹೆಸರಿನ ಅರ್ಧ ಕಾಣಿಸಿತು. ಉಳಿದರ್ಧದ ಮೇಲೆ ನೊರೆಯಿತ್ತು. ಗಲ್ಲ ಕೊಟ್ಟು ಕೂತ.

ಹೀಗಿರುವಾಗ, ಸಾವಿರದ ಒಂಬೈನೂರ ತೊಂಬತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ, ಅವನು ಓದಿದ್ದ ಸೇಡಮಿನ ಕಾಲೇಜಿನಲ್ಲಿ ರೇಡಿಯೋ ಶುರುವಾಯಿತು.

ರೇಡಿಯೋ ಅಂದರೆ ಆಕಾಶದಲ್ಲಿ ಹಾರುವಂಥದ್ದಲ್ಲ, ವೈರಿನೊಳಗೇ ಹರಿಯುವಂಥದ್ದು. ಪೇಟೆಯ ಸೌಂಡ್ ಸರ್ವಿಸ್ ಮಜೀದಸಾಬರು ಮಾಳಿಗೆ ಮೇಲಿನ ಸ್ಪೋರ್ಟ್ಸ್ ರೂಮಿನಲ್ಲಿ ತಮ್ಮ ಹಳೆಯ ಆಂಪ್ಲಿಫೈಯರು, ಒಂದು ಮೈಕು, ಟೇಪು ಹಾಕುವ ಡೆಕ್ಕು ಇಟ್ಟು, ಅಲ್ಲಿಂದ ವರಾಂಡಕ್ಕೆ, ಕ್ಯಾಂಟೀನಿಗೆ, ಹುಡುಗಿಯರ ವೇಟಿಂಗ್ ರೂಮಿಗೆ ವೈರು ಎಳೆದರು. ಸೈಕಲ್ ಸ್ಟ್ಯಾಂಡಿಗೆ ಡಬ್ಬಿ ಸ್ಪೀಕರು ಸಾಲದೆ ಒಂದು ಹಾರ್ನ್ ಕಟ್ಟಿದರು. ಅದರ ಬಾಯಿ ಕಾಂಪೌಂಡಿನ ಹೊರಗೆ, ರೈಲ್ವೆ ಗೇಟಿನ ಕಡೆಗೆ ತಿರುಗಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಕಾರ್ಯಕ್ರಮ. ಪ್ರಿನ್ಸಿಪಾಲ್ ಪ್ರಹ್ಲಾದರಾಯರು ಇತಿಹಾಸದ ಮೇಷ್ಟ್ರು, ಮಳಖೇಡದ ಕಡೆಯ ಪೂಜೆ-ಪುನಸ್ಕಾರದ ಮನೆತನದವರು. ಅವರ ಷರತ್ತು ಎರಡೇ. ಸಿನಿಮಾ ಹಾಡು ಹಾಕಕೂಡದು. ಜನವರಿಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ತನಕ ನೋಡುವುದು, ಅಷ್ಟರಲ್ಲಿ ಒಂದು ತಕರಾರು ಬಂದರೂ ಮಜೀದಸಾಬರು ಬಂದು ವೈರು ಸುತ್ತಿಕೊಂಡು ಹೋಗುವುದು.

“ನೀ ಪೇಪರಿನಾಗ ಬರೀತಿ ಅಂತ ಕೇಳೀನಿ,” ಎಂದರು ಲಕ್ಷ್ಮಿಕಾಂತನನ್ನು ಕರೆಸಿ. “ಅಲ್ಲಿ ಏನರೆ ಬರಿ, ಇಲ್ಲಿ ಮರ್ಯಾದಿಂದ ಬರಿ.”

ಓದುವವಳು ಗುರುದೇವಿ. ಬಿ.ಎ. ಎರಡನೆಯ ವರ್ಷ, ದಿನಾ ವಾಡಿಯಿಂದ ರೈಲಿನಲ್ಲಿ ಬಂದು ಹೋಗುವ ಹುಡುಗಿ. ಮೈಕಿನ ಮುಂದೆ ಅವಳ ದನಿ ತುಸು ಅಗಲವಾಗಿ, ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳುತ್ತಿತ್ತು. ಲಕ್ಷ್ಮಿಕಾಂತ ಕೊಟ್ಟ ಮೊದಲ ಹಾಳೆಯನ್ನೇ ಅವಳು ವಾಪಸು ನೂಕಿದಳು.

“ಅಣ್ಣ, ‘ಧ್ವನಿಸಂಸ್ಕೃತಿಯ ಬಹುಮುಖೀ ಆಯಾಮಗಳು’ ಅಂತ ಬರದೀರಲ್ಲ, ಇದು ನನ್ನ ಬಾಯಾಗ ಹಿಡಿಯಂಗಿಲ್ಲ.”

“ಅದು ಲೇಖನದ ಜೀವಾಳ ಗುರುದೇವಿ.”

“ಜೀವಾಳ ನಿಮ್ಮ ಹತ್ರ ಇರ್ಲಿ. ಹುಡುಗೋರು ಬಜಿ ತಿನ್ನಾಕತ್ತಿರ್ತಾರ, ಗಂಟಲದಾಗ ಸಿಕ್ಕೊಂಡ್ರ ಯಾರು ಜವಾಬು?”

ಸಾಲು ಹೋಯಿತು. ಅದರ ಬದಲಿಗೆ ಅವಳು ಓದಿದ್ದು ಶಹಾಬಾದದ ಸಿನಿಮಾ ಪ್ರಚಾರದ ರಿಕ್ಷಾದವನ ಬಗ್ಗೆ. ನೋಡದ ಪಿಕ್ಚರಿನ ಕಥೆಯನ್ನು ಓಣಿ ಓಣಿಗೆ ಹೇಳುತ್ತ, ಹೆಣ್ಣುಮಕ್ಕಳಿರುವ ಓಣಿಯಲ್ಲಿ ಕಣ್ಣೀರಿನ ಕಥೆ, ಹುಡುಗರು ನಿಲ್ಲುವ ಸರ್ಕಲ್ಲಿನಲ್ಲಿ ಹೊಡೆದಾಟದ ಕಥೆ ಮಾಡುವ ಆಸಾಮಿ. ಕ್ಯಾಂಟೀನಿನಲ್ಲಿ ಯಾರೋ ನಕ್ಕರು. ಮೆಟ್ಟಿಲ ಕೆಳಗೆ ನಿಂತಿದ್ದ ಲಕ್ಷ್ಮಿಕಾಂತನಿಗೆ ಆ ನಗು ಕೇಳಿಸಿತು. ವರ್ಷಾನುಗಟ್ಟಲೆ ಬರೆದಿದ್ದ, ತಾನು ಬರೆದದ್ದು ಒಬ್ಬರ ಕಿವಿಗೆ ಬಿದ್ದು ಅವರು ನಗುವುದನ್ನು ಎಂದೂ ಕೇಳಿರಲಿಲ್ಲ. ಅವತ್ತು ಮಷೀನಿಗೆ ವಾಪಸಾಗಿ ಒಂದು ಇಡೀ ಲಾರಿಯ ಕಲ್ಲಿಗೆ ಉದ್ದದ ಜಾಗದಲ್ಲಿ ಅಗಲ, ಅಗಲದ ಜಾಗದಲ್ಲಿ ಉದ್ದ ಬರೆದು ಬೈಸಿಕೊಂಡ; ಬೈಗಳು ಮೈಗೆ ತಾಗಲಿಲ್ಲ. ಗ್ಯಾದರಿಂಗ್ ತನಕ ಈ ರೇಡಿಯೋ ಉಳಿಯಬೇಕು, ಹ್ಯಾಂಗಾದರೂ ಉಳಿಸಬೇಕು, ಇಲ್ಲದಿದ್ದರೆ ಮತ್ತೆ ಹಜಾಮತಿ ಅಂಗಡಿಯ ನೊರೆಯೇ ಗತಿ ಎಂದು ಆ ಸಂಜೆ ಸೈಕಲ್ ಮೇಲೆ ಗಟ್ಟಿ ಮಾಡಿಕೊಂಡ.

ಸಿನಿಮಾ ಹಾಡು ಬೇಡವೆಂದದ್ದು ಹುಡುಗರಿಗೆ ಸಂಕಟ, ಲಕ್ಷ್ಮಿಕಾಂತನಿಗೆ ವರವಾಯಿತು. ಈ ಸೀಮೆಯ ಕಿವಿಗೆ ದಿನವೂ ಬೀಳುವ ಬೇರೆ ಸದ್ದುಗಳನ್ನೆಲ್ಲ ಹಿಡಿದು ತರುತ್ತೇನೆ ಎಂದು ಟೂ-ಇನ್-ವನ್ ಟೇಪ್‌ರೆಕಾರ್ಡರನ್ನು ಸೈಕಲ್ ಹಿಂದೆ ಕಟ್ಟಿಕೊಂಡ. ಚಿಂಚೋಳಿಗೆ ಬಸ್ಸಿನಲ್ಲಿ ಹೋಗಿ, ಮದುವೆಗಳಲ್ಲಿ ಢೋಲಕಿ ಬಡಿದು ಹಾಡುವ ಅಖ್ತರ ಬೇಗಂ ಎಂಬಾಕೆಯ ಹಾಡು ಹಿಡಿದು ತಂದ. ಆಕೆ ಬೀಗರನ್ನು ಬೈಯುವಾಗ ಉರ್ದು, ಮದುಮಗನನ್ನು ಕಾಡುವಾಗ ತೆಲುಗು, ಊಟದ ತಕರಾರಿಗೆ ಕನ್ನಡ ಬಳಸುತ್ತಿದ್ದಳು. ಪ್ರಿನ್ಸಿಪಾಲರು ಕೆಳಗಿನಿಂದ ಜವಾನನನ್ನು ಕಳಿಸಿ, ಇದು ಸಿನಿಮಾ ಹಾಡೇ ಎಂದು ಕೇಳಿಸಿದರು. ಮದುವೆ ಹಾಡು ಎಂದಾಗ ಸುಮ್ಮನಾದರು. ವೇಟಿಂಗ್ ರೂಮಿನಿಂದ ಇನ್ನೊಮ್ಮೆ ಹಾಕಬೇಕೆಂದು ಬೇಡಿಕೆ ಬಂತು.

ಇಷ್ಟಾದ ಮೇಲೆ ಲಕ್ಷ್ಮಿಕಾಂತನ ತಲೆ ತುಸು ಮೇಲೇರಿತು. ಮುಂದಿನದು ವಾಡಿ ಜಂಕ್ಷನ್ ಎಂದು ಸಾರಿಬಿಟ್ಟ. ಮುಂಬೈ, ಮದ್ರಾಸು, ಹೈದರಾಬಾದು ಮೂರೂ ಕಡೆಯ ಹಳಿ ಕೂಡುವ ಜಾಗ. ಅಲ್ಲಿನ ಚಹಾದವರ ಕೂಗು, ವಡೆಯವರ ಕೂಗು, ಯಾವ ಊರಿನವರು ಯಾವ ಗಾಡಿಯ ಪಕ್ಕ ಯಾವ ಭಾಷೆಯಲ್ಲಿ ಕೂಗುತ್ತಾರೆ ಎನ್ನುವುದನ್ನೆಲ್ಲ ನೆನಪಿನಿಂದಲೇ ಚೆಂದ ಬರೆದ. ಸದ್ದು ಹಿಡಿದು ತರುವುದೊಂದು ಬಾಕಿ. ಆದರೆ ಆ ವಾರ ಯಾರೋ ದೊಡ್ಡ ಮನುಷ್ಯರು ಜಿಲ್ಲೆಯ ಪ್ರವಾಸದಲ್ಲಿದ್ದರೋ ಏನೋ, ತ್ರೀಫೇಜ್ ಹೋಗಲೇ ಇಲ್ಲ. ಮಷೀನು ನಿಲ್ಲದೆ ಅವನು ವಾಡಿಗೆ ಹೋಗುವಂತಿರಲಿಲ್ಲ. ಕಡೆಗೆ ಬೀಡಿ ಸೇದಿ ಬರುತ್ತೇನೆಂದು ಹೇಳಿ ಪಕ್ಕದ ಸೇಡಂ ಸ್ಟೇಷನ್ನಿಗೇ ಹೋಗಿ, ಅಲ್ಲಿ ಗಾಡಿ ಬರುವ ಮೊದಲು ಬಡಿಯುವ ಗಂಟೆಯನ್ನು ಟೇಪು ಮಾಡಿಕೊಂಡು ಬಂದ. ಗಂಟೆ ಗಂಟೆಯೇ, ವಾಡಿಯದಾದರೇನು ಸೇಡಮಿನದಾದರೇನು ಎನ್ನುವುದು ಚಿಂತಕನ ತೀರ್ಮಾನ.

ಗುರುದೇವಿ ಟೇಪು ಕೇಳಿ ಹುಬ್ಬು ಗಂಟಿಕ್ಕಿದಳು. “ಅಣ್ಣ, ಇದು ಸೇಡಂ ಗಂಟಿ.”

“ಯಾರಿಗೆ ತಿಳೀತದ?”

“ನಮಗ ತಿಳೀತದ. ಇದು ಸೀಳಿದ ಗಂಟಿ, ಠಣ್ ಅಂದು ಗಪ್ಪನ ನಿಂದರ್ತದ. ವಾಡ್ಯಾಗ ಮೈಕಿನಾಗ ಹೇಳ್ತಾರ, ಗಂಟಿ ಯಾರ ಕೇಳ್ತಾರ.”

“ಕಲಾವಿದನಿಗೆ ಅಷ್ಟು ಸ್ವಾತಂತ್ರ್ಯ ಇರ್ತದವ್ವ.”

“ಇರ್ಲಿ. ನಾ ಬ್ಯಾಡ ಅಂದೀನಿ. ನೆನಪಿಡ್ರಿ,” ಎಂದು ಟೇಪು ಡೆಕ್ಕಿಗೆ ಹಾಕಿದಳು.

ಅವಳು ಬೇಡವೆಂದದ್ದಕ್ಕೆ ಕಾರಣವಿತ್ತು. ಕಾಲೇಜಿನ ಬಹುತೇಕ ಹುಡುಗರು ಅಪ್-ಡೌನ್ ಮಂದಿ. ಚಿತ್ತಾಪುರ, ವಾಡಿ, ಶಹಾಬಾದದಿಂದ ಬೆಳಗ್ಗೆ ಬಂದು ಮಧ್ಯಾಹ್ನದ ಪ್ಯಾಸೆಂಜರಿಗೆ ವಾಪಸಾಗುವವರು. ಆ ಪ್ಯಾಸೆಂಜರು ಸಿಮೆಂಟಿನ ಗೂಡ್ಸುಗಳಿಗೆ ದಾರಿ ಬಿಟ್ಟುಕೊಡುತ್ತ ಬರುವುದರಿಂದ ಇಂಥ ವೇಳೆಗೇ ಎಂದು ಇರಲಿಲ್ಲ. ಹಿಂದಿನ ಸ್ಟೇಷನ್ ಕುರಗುಂಟಾ ಬಿಟ್ಟಾಗ ಸೇಡಮಿನಲ್ಲಿ ಗಂಟೆ ಬಡಿಯುತ್ತಿದ್ದರು, ಅದು ಕಾಲೇಜಿಗೆ ಸಣ್ಣಗೆ ಕೇಳುತ್ತಿತ್ತು. ಗಂಟೆ ಆಯಿತೆಂದರೆ ಅಪ್-ಡೌನ್ ಮಂದಿ ಚೀಲ ಎತ್ತಿ ಎದ್ದು ಹೋಗಬಹುದು, ಯಾರನ್ನೂ ಕೇಳಬೇಕಿಲ್ಲ, ಯಾವ ಮೇಷ್ಟ್ರೂ ತಡೆಯುವಂತಿಲ್ಲ. ಎಲ್ಲೂ ಬರೆದಿರದ, ಎಲ್ಲರೂ ಪಾಲಿಸುವ ಕಾನೂನು ಅದು. ಪಾಣಿಪತದ ಯುದ್ಧದ ನಡುವೆ ಗಂಟೆಯಾದರೆ ಪ್ರಹ್ಲಾದರಾಯರು ಸೈನ್ಯವನ್ನು ಅಲ್ಲೇ ನಿಲ್ಲಿಸಿ, ಬೆಂಚುಗಳು ಖಾಲಿಯಾಗುವ ತನಕ ಕಾಯುತ್ತಿದ್ದರು.

ಹಾಗಾಗಿ ಅವತ್ತು ಏನಾಯಿತೆಂದರೆ, ಗುರುದೇವಿ “ಬರ್ರಿ, ವಾಡಿ ಜಂಕ್ಷನ್ನಿಗೆ ಹೋಗೂಣು” ಎಂದು ಹೇಳಿ ಮುಗಿಸುವುದರೊಳಗೆ ಹಾರ್ನಿನಿಂದ ಠಣ್ ಎಂದು ಸೀಳುಗಂಟೆ ಹೊಮ್ಮಿತು. ಮುಂದಿನ ಮಾತು ಯಾರೂ ಕೇಳಲಿಲ್ಲ. ಬಜಿ ತಟ್ಟೆಯಲ್ಲಿ ಉಳಿಯಿತು, ಚಹಾ ಕಪ್ಪಿನಲ್ಲಿ ಉಳಿಯಿತು. ವರಾಂಡದಿಂದ, ವೇಟಿಂಗ್ ರೂಮಿನಿಂದ, ಸೈಕಲ್ ಸ್ಟ್ಯಾಂಡಿನಿಂದ ಮಂದಿ ಚೀಲ ಹಿಡಿದು ಗೇಟು ದಾಟಿ ಓಡಿತು. ಲಕ್ಷ್ಮಿಕಾಂತ ಮಾಳಿಗೆಯಿಂದ ಕೈ ಬೀಸಿ ಕೂಗಿದ. ಅವರು ಇವನಿಗೂ ಕೈ ಬೀಸಿ ಓಡಿದರು.

ಸ್ಟೇಷನ್ನಿನಲ್ಲಿ ಪೋರ್ಟರು ಗಾಡಿ ಇನ್ನೂ ಕುರಗುಂಟಾದ ಆಚಿನ ತಾಂಡೂರನ್ನೇ ಬಿಟ್ಟಿಲ್ಲ ಎಂದ. ಬಂದದ್ದೇ ಬಂದೆವೆಂದು ಎಲ್ಲರೂ ಪ್ಲಾಟ್‌ಫಾರ್ಮಿನ ಬೇವಿನ ನೆರಳಿನಲ್ಲಿ ಕೂತುಬಿಟ್ಟರು. ಬಿಡುವಿನ ನಂತರ ಇತಿಹಾಸದ ಟೆಸ್ಟಿತ್ತು. ಪ್ರಹ್ಲಾದರಾಯರು ಪ್ರಶ್ನೆಪತ್ರಿಕೆಯ ಕಟ್ಟು ಹಿಡಿದು ಒಳಗೆ ಬಂದಾಗ ಊರಿನ ನಾಲ್ಕಾರು ಹುಡುಗರು ಮಾತ್ರ, ಅವರೂ ಯಾಕೆ ಉಳಿದೆವೋ ಎನ್ನುವ ಮುಖ ಮಾಡಿಕೊಂಡು ಕೂತಿದ್ದರು.

ಅಷ್ಟಕ್ಕೇ ಮುಗಿದಿದ್ದರೆ ಬೈಗಳಲ್ಲಿ ಹೋಗುತ್ತಿತ್ತು. ಮರುದಿನ ಬಿಡುವಿನಲ್ಲೇ ಖರೇ ಗಂಟೆ ಬಡಿಯಿತು. ಯಾರೂ ಏಳಲಿಲ್ಲ. ‘ಮತ್ತ ಹಚ್ಚಿದ್ರು ನೋಡ್ರಿ’ ಎಂದು ಬಜಿ ಮುರಿದುಕೊಂಡರು. ಮೈಕಿನ ಮುಂದಿದ್ದ ಗುರುದೇವಿ, “ಇದು ನಮ್ಮ ಗಂಟಿ ಅಲ್ರಿ, ಖರೇ ಗಂಟಿ, ಏಳ್ರಿ” ಎಂದಳು. ವರಾಂಡ ನಕ್ಕಿತು. “ದೇವರಾಣಿ, ಗಾಡಿ ಬರಾಕತ್ತದ” ಎಂದಳು. ಇನ್ನೂ ಜೋರಾಗಿ ನಕ್ಕಿತು. ಇಷ್ಟು ಚಲೋ ಕಾರ್ಯಕ್ರಮ ಈ ರೇಡಿಯೋದಲ್ಲಿ ಹಿಂದೆ ಆಗಿರಲಿಲ್ಲ ಎಂದು ಒಬ್ಬ ಚಪ್ಪಾಳೆ ಬೇರೆ ಹೊಡೆದ. ಅವಳು ನಂಬಿಸುತ್ತಿರುವಾಗಲೇ ಪ್ಯಾಸೆಂಜರು ಬಂದು, ನಿಂತು, ಸೀಟಿ ಹೊಡೆದು ಹೊರಟುಹೋಯಿತು.

ಮುಂದಿನ ಗಾಡಿಗೆ ಅವರೆಲ್ಲ ಊರು ಮುಟ್ಟುವಾಗ ದೀಪ ಹಚ್ಚಿ ಎಷ್ಟೋ ಹೊತ್ತಾಗಿತ್ತು. ಬೆಳಗ್ಗೆ ಚಿತ್ತಾಪುರದಿಂದ, ವಾಡಿಯಿಂದ ತಂದೆಯಂದಿರು ಬಂದರು. ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸುವುದೇ ಆ ಪ್ಯಾಸೆಂಜರಿನ ಭರವಸೆಯ ಮೇಲೆ ಎಂದರು. ಅವರು ಹೋದ ಮೇಲೆ ಕಾಲೇಜಿನ ಪಕ್ಕದ ರೈಲ್ವೆ ಗೇಟಿನ ಗೇಟ್‌ಮನ್ ಅಮೃತಪ್ಪ, ಕಂಕುಳಲ್ಲಿ ಹಸಿರು ಕೆಂಪು ಬಾವುಟ ಒತ್ತಿಕೊಂಡೇ ಚೇಂಬರಿಗೆ ಬಂದ.

“ಸಾಹೇಬ್ರ, ಮೊನ್ನಿ ನಿಮ್ಮ ಹುಡುಗೋರು ಬಂದು ನನ್ನ ಗೇಟಿನಾಗ ನಿಂತು ಬೈದ್ರು. ರೈಲ್ವೆದವರು ಸುಳ್ಳು ಗಂಟಿ ಬಡೀತೀರಿ ಅಂದ್ರು. ಗಂಟಿ ಬಡಿಯಾವ ಪೋರ್ಟರು, ಗೇಟು ಹಾಕಾವ ನಾನು. ನಂದೇನು ತಪ್ಪು? ಖಾಕಿ ಅಂಗಿ ತಪ್ಪೇನು?”

ಪ್ರಹ್ಲಾದರಾಯರು ಆಗಲೇ ಮಜೀದಸಾಬರ ಜೊತೆ ಕರೆಸಿ ನಿಲ್ಲಿಸಿದ್ದ ಲಕ್ಷ್ಮಿಕಾಂತನ ಕಡೆ ನೋಡಿದರು. “ಯಾವ ಗಂಟಿ ಅದು?”

“ಸೇಡಂದು ಸರ್.”

“ವಾಡಿ ಅಂತ ಹೇಳಿ ಸೇಡಂ ಗಂಟಿ ಹಚ್ಚಿದಿ.”

“ಹೌದು ಸರ್. ತ್ರೀಫೇಜ್ ಹೋಗಲಿಲ್ಲ.”

ಅವರು ಚಷ್ಮಾ ತೆಗೆದು ಒರೆಸಿಕೊಂಡರು. “ಸಾಕು ಮಾಡ್ರಿ. ಮಜೀದಸಾಬ, ನಾಳಿ ಬಂದು ವೈರ್ ಬಿಚ್ಚಿಕೊಂಡು ಹೋಗ್ರಿ.”

ಮಜೀದಸಾಬರು ಗಡ್ಡ ತುರಿಸಿಕೊಂಡರು. “ನಾಳಿ ಆಗಂಗಿಲ್ಲ ಸಾಬ್. ಶಾದಿ ಸೀಸನ್ ನಡದದ. ಸೋಮವಾರ ಬರ್ತೀನಿ. ಅಲ್ಲೀತನ ನನ್ನ ಸಾಮಾನು ಯಾರೂ ಮುಟ್ಟಬ್ಯಾಡ್ರಿ. ನೀ ಅಂತೂ ಬಿಲ್ಕುಲ್ ಮುಟ್ಟಬ್ಯಾಡ,” ಎಂದು ಲಕ್ಷ್ಮಿಕಾಂತನಿಗೆ ಬೆರಳು ತೋರಿಸಿ ಹೋದರು.

ಸೋಮವಾರದ ತನಕ ವೇಳೆ ಸಿಕ್ಕಿತು. ಲಕ್ಷ್ಮಿಕಾಂತ ತನಗೆ ಬರುವ ವಿದ್ಯೆಯನ್ನೇ ಮಾಡಿದ. ‘ಗ್ರಾಮೀಣ ಕಾಲೇಜು ರೇಡಿಯೋ: ಒಂದು ಸಾಂಸ್ಕೃತಿಕ ಅನಿವಾರ್ಯತೆ’ ಎಂದು ಉದ್ದನೆಯ ಲೇಖನ ಬರೆದ. ಅದನ್ನು ಓದಿದರೆ ಪ್ರಿನ್ಸಿಪಾಲರೇನು, ಯಾರೂ ಮನಸ್ಸು ಬದಲಿಸದೆ ಇರಲಾರರು ಎನಿಸಿತು. ಹಟ್ಟಿಯಲ್ಲಿ ಎಮ್ಮೆ ಹಿಂಡುತ್ತಿದ್ದ ಅವ್ವನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಪೂರ್ತಿ ಓದಿದ. ಮಹಾದೇವಮ್ಮ ಹಾಲಿನ ಸದ್ದು ನಿಲ್ಲಿಸದೆ ಕೇಳಿದಳು.

“ಹುಡುಗೋರಿಗೆ ಗಾಡಿ ಸಿಗಲಿಲ್ಲ ಅಂತ ತಕರಾರು ಅದ ಹೌದಿಲ್ಲೋ?”

“ಹೌದು.”

“ಮತ್ತ ನೀ ಸಂಸ್ಕೃತಿ ಅಂತ ಓದಾಕತ್ತಿ. ಮೊದಲ ಅವರಿಗೆ ಗಾಡಿ ಹಿಡಿಸು. ಆಮ್ಯಾಲ ಸಂಸ್ಕೃತಿ ಹಿಡಿಸೀಯಂತ.”

ಲಕ್ಷ್ಮಿಕಾಂತನಿಗೆ ಸಿಟ್ಟು ಬಂತು. ಎದ್ದು ಹೊರಗೆ ಹೋದ, ಓಣಿಯ ತುದಿ ಮುಟ್ಟಿ ವಾಪಸು ಬಂದ, ಲೇಖನದ ಹಾಳೆಗಳನ್ನು ಮಡಚಿ ಜಂತಿಯ ಸಂದಿಗೆ ಸಿಗಿಸಿದ. ಅವ್ವನ ಮಾತಿನಲ್ಲಿ ತೆಗೆದುಹಾಕುವಂಥ ಒಂದು ಶಬ್ದವೂ ಇರಲಿಲ್ಲ. ಸಂಪಾದಕರಿಗೂ ಕತ್ತರಿಸಲು ಬರುತ್ತಿರಲಿಲ್ಲ.

ಮರುದಿನ ತ್ರೀಫೇಜ್ ಹೋದ ಕೂಡಲೇ ಗೇಟಿಗೆ ಹೋದ. ಅಮೃತಪ್ಪ ತನ್ನ ಗುಮ್ಟಿ ಕೋಣೆಯ ನೆರಳಿನಲ್ಲಿ ಸ್ಟೂಲಿನ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ. ಬಂದವನ ಗುರುತು ಹಿಡಿದು, “ಬರ್ರಿ, ಗಂಟಿಯವರು. ಕುಂದ್ರಿ,” ಎಂದ. ಕೂರಲು ಸ್ಲೀಪರ್ ಕಟ್ಟಿಗೆಯೊಂದು ಬಿಟ್ಟರೆ ಏನಿರಲಿಲ್ಲ.

“ತಪ್ಪಾಗ್ಯದ ಅಮೃತಪ್ಪನವರ.”

“ಆಗ್ಯದ. ಹೋಗ್ಲಿ ಬಿಡ್ರಿ.” ರೊಟ್ಟಿ ಅಗಿಯುತ್ತ ಹಾರ್ನಿನ ಕಡೆ ನೋಡಿದ. “ಎರಡು ದಿನ ಆತು, ಅದರ ಬಾಯಿ ಬಂದಾಗ್ಯದ. ಮಧ್ಯಾಹ್ನ ಇಲ್ಲಿ ನನಗೂ ಯಾರ ಇಲ್ಲ ನೋಡ್ರಿ. ಆ ಚಿಂಚೋಳಿ ಹೆಣ್ಮಗಳು ಹಾಡಿದಳಲ್ಲ, ಮದುಮಗನ ಚಪ್ಪಲಿ ಕದ್ದದ್ದು, ಮುಂದ ಏನಾತು? ನಡುವ ಗೂಡ್ಸ್ ಬಂತು, ಕೇಳಲಿಲ್ಲ.”

ಲಕ್ಷ್ಮಿಕಾಂತನಿಗೆ ಬಂದ ಕೆಲಸ ಮರೆತೇಹೋಯಿತು. ಕಾಂಪೌಂಡಿನ ಹೊರಗೂ ತನಗೊಬ್ಬ ಕೇಳುಗನಿದ್ದಾನೆ, ಅದೂ ಮುಂದೇನು ಎಂದು ಕೇಳುವ ಕೇಳುಗ. ಚಪ್ಪಲಿ ಕದ್ದದ್ದು ಯಾರೆಂದು ಹೇಳಿದ. ಅಮೃತಪ್ಪ ನಕ್ಕು ರೊಟ್ಟಿ ನೆತ್ತಿಗೇರಿಸಿಕೊಂಡ. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಲಕ್ಷ್ಮಿಕಾಂತ ಕೇಳಿದ: “ಪ್ಯಾಸೆಂಜರು ಕುರಗುಂಟಾ ಬಿಟ್ಟದ್ದು ನಿಮಗ ಹ್ಯಾಂಗ ತಿಳೀತದ?”

“ಸ್ಟೇಷನ್ನಿನಿಂದ ಫೋನ್ ಬರ್ತದ. ಇಂಥ ಗಾಡಿ ಬಿಟ್ಟದ, ಗೇಟ್ ಹಾಕು ಅಂತಾರ.”

“ಅದನ್ನ ನಮಗೊಂದು ಜರಾ ಹೇಳಿದ್ರ...”

ಅಮೃತಪ್ಪನ ಮುಖ ಬಿಗಿಯಿತು. “ಆಗಂಗಿಲ್ಲ. ನನ್ನ ಫೋನು, ನನ್ನ ಬಾವುಟ, ಗಾಡಿಗೆ. ಕಾಲೇಜಿಗೆ ಸಿಗ್ನಲ್ ಕೊಡಂತ ಯಾವ ಪುಸ್ತಕದಾಗೂ ಬರದಿಲ್ಲ.”

“ನಮ್ಮ ರೇಡಿಯೋ ರೂಮಿನ ಕಿಡಕಿಯಿಂದ ನಿಮ್ಮ ಗೇಟು ಕಾಣ್ತದ. ಹಾಕಿದ್ದು ತಿಳೀತದ. ಗೂಡ್ಸಿಗೆ ಹಾಕಿದ್ದೋ ಪ್ಯಾಸೆಂಜರಿಗೆ ಹಾಕಿದ್ದೋ ಅಷ್ಟ ತಿಳಿಯಂಗಿಲ್ಲ.”

ಅಮೃತಪ್ಪ ಊಟ ಮುಗಿಸಿದ. ಕೈ ತೊಳೆದ. ಹೆಗಲ ಮೇಲಿನ ಕೆಂಪು ಚೌಕಡಿ ಟವೆಲಿಗೆ ಕೈ ಒರೆಸಿಕೊಂಡು, ಅದನ್ನು ಝಾಡಿಸಿ, ಗುಮ್ಟಿಯ ಮುಂದಿನ ಕಟಾಂಜನದ ಕಬ್ಬಿಣದ ಕಂಬಿ ಮೇಲೆ ಹರವಿದ. ನಿಂತು ಅದನ್ನೇ ನೋಡಿದ.

“ಕಿಡಕಿಯಿಂದ ಇದು ಕಾಣ್ತದೇನು?”

“ಕಾಣ್ತದ.”

“ಟವೆಲ್ ನಂದು. ಸ್ವಂತ ರೊಕ್ಕದ್ದು. ಯಾವಾಗ ಒಣಗಿ ಹಾಕಬೇಕು ಅಂತ ರೈಲ್ವೆದವರು ನನಗ ಹೇಳಾಂಗಿಲ್ಲ,” ಎಂದ. ಟವೆಲಿನ ತುದಿ ಸರಿಮಾಡಿ, “ಪ್ಯಾಸೆಂಜರಿನ ವೇಳ್ಯಾಕ ನನಗ ಭಾಳ ಬೆವರು ಬರ್ತದ,” ಎಂದು ಸೇರಿಸಿದ.

ಅಲ್ಲಿಂದ ಲಕ್ಷ್ಮಿಕಾಂತ ನೆಟ್ಟಗೆ ಪ್ರಿನ್ಸಿಪಾಲರ ಬಾಗಿಲಿಗೆ ಹೋದ. ಮೊದಲನೇ ಸಲ ಒಳಗೆ ಬಿಡಲಿಲ್ಲ. ಮರುದಿನ ಮತ್ತೆ ಹೋದ. ಶನಿವಾರ ಮತ್ತೆ ಹೋಗಿ, ಬಾಗಿಲಲ್ಲೇ ನಿಂತು ಹೇಳಿದ: “ಸರ್, ನೀವು ಪಾಠ ಹೇಳುವಾಗ ಅಪ್-ಡೌನ್ ಮಂದಿದು ಒಂದು ಕಿವಿ ಸ್ಟೇಷನ್ ಕಡೆ ಇರ್ತದ. ಆ ಕಿವಿ ಕೆಲಸ ನಾವು ಮಾಡ್ತೀವಿ. ಕ್ಲಾಸು ಇಲ್ಲದವರು ಪಾಳಿ ಮ್ಯಾಲ ಕಿಡಕ್ಯಾಗ ಕುಂದರ್ತಾರ. ಗಾಡಿ ಬಂದ್ರ ರೇಡಿಯೋ ಹೇಳ್ತದ. ಹುಡುಗೋರು ನಿಶ್ಚಿಂತಿಂದ ನಿಮ್ಮ ಪಾಠ ಕೇಳ್ತಾರ.”

“ಯಾರು ನಂಬ್ತಾರ ನಿನ್ನ ರೇಡಿಯೋ?”

“ನಂಬಿಸ್ತೀನಿ ಸರ್.”

ಪ್ರಹ್ಲಾದರಾಯರು ಅವನ ಬಿಳಿ ಹುಬ್ಬು ನೋಡಿದರು. “ಸೋಮವಾರ ಮಜೀದಸಾಬ ಬರ್ತಾನ. ಅವ ಕ್ಯಾಂಟೀನಿನಾಗ ಕುಂತಿರ್ಲಿ. ನಂಬಿ ಎದ್ದು ಹೋದ್ರ ಇಡು. ಇಲ್ಲಂದ್ರ ಅವತ್ತ ಬಿಚ್ಚಲಿ. ಅದಕ್ಕಿಂತ ಮೊದಲ ಮೈಕಿನಾಗ ಖರೇ ಹೇಳು, ಅದು ಎಲ್ಲೀ ಗಂಟಿ ಅಂತ.”

ಸೋಮವಾರ ಮೈಕಿನಲ್ಲಿ ಅದನ್ನು ಗುರುದೇವಿಯೇ ಓದಿದಳು, ಲಕ್ಷ್ಮಿಕಾಂತ ಬರೆದುಕೊಟ್ಟದ್ದು. ತನ್ನ ದನಿ ಕಲ್ಲಿನ ಪುಡಿ ತುಂಬಿದ ದನಿ, ಮೈಕಿಗೆ ಆಗುವುದಿಲ್ಲ ಎಂದು ಜಾರಿಕೊಂಡಿದ್ದ. ಸೇಡಂ ಗಂಟೆಯನ್ನು ವಾಡಿಯದೆಂದು ಹೇಳಿದ್ದು ಲೇಖಕರ ಸೋಮಾರಿತನ ಎಂಬ ಸಾಲಿಗೆ ಅವಳು ತನ್ನ ಕಡೆಯಿಂದ ‘ಭಾಳ’ ಎಂದು ಸೇರಿಸಿದಳು. ಆಮೇಲೆ ಗಾಡಿಯ ಹೊಸ ವ್ಯವಸ್ಥೆ ಹೇಳಿದಳು. ವರಾಂಡದಲ್ಲಿ ಸಿಳ್ಳೆ ಬಿತ್ತು. ಯಾರೋ ಬಾಯಿಂದಲೇ ಠಣ್ ಅಂದರು. ಕ್ಯಾಂಟೀನಿನಲ್ಲಿ ಮಜೀದಸಾಬರು ಚಹಾ ತರಿಸಿಕೊಂಡು, ವೈರು ಬಿಚ್ಚುವ ಪಕ್ಕಡವನ್ನು ಕಪ್ಪಿನ ಬದಿಗಿಟ್ಟು ಕೂತಿದ್ದರು.

ಅಖ್ತರ ಬೇಗಂ ಬಗ್ಗೆ ಬರೆದದ್ದನ್ನು ಅವಳು ಓದತೊಡಗಿದಳು. ಲಕ್ಷ್ಮಿಕಾಂತ ಕಿಟಕಿ ಬಿಟ್ಟು ಕದಲಲಿಲ್ಲ. ಗೇಟಿನ ಕಂಬ ಇಳಿಯಿತು. ಕಟಾಂಜನ ಖಾಲಿ. ಸಿಮೆಂಟಿನ ಗೂಡ್ಸು ಉದ್ದಕ್ಕೆ ಹಾದುಹೋಯಿತು. ಕಂಬ ಎದ್ದಿತು. ಓದು ನಡೆದಿತ್ತು. ಆಕೆ ಯಾವ ಮನೆಯಲ್ಲಿ ಹ್ಯಾಗೆ ಹಾಡುತ್ತಾಳೆ ಎನ್ನುವ ಭಾಗ ಬಂದಾಗ ಕಂಬ ಮತ್ತೆ ಇಳಿಯಿತು. ಅಮೃತಪ್ಪ ಗುಮ್ಟಿಯಿಂದ ಹೊರಗೆ ಬಂದು ಹಣೆ ಒರೆಸಿಕೊಂಡ. ಟವೆಲು ಝಾಡಿಸಿ ಕಟಾಂಜನದ ಮೇಲೆ ಹರವಿ, ಆಚೆ ಮುಖ ಮಾಡಿ ನಿಂತ.

ಲಕ್ಷ್ಮಿಕಾಂತ ಕೈ ಎತ್ತಿದ. ಗುರುದೇವಿ ಸಾಲಿನ ನಡುವೆಯೇ ನಿಲ್ಲಿಸಿದಳು. “ಪ್ಯಾಸೆಂಜರು ಕುರಗುಂಟಾ ಬಿಟ್ಟದ. ಅಪ್-ಡೌನ್ ಮಂದಿ ಏಳ್ರಿ.”

ಯಾರೂ ಏಳಲಿಲ್ಲ. ಕಂಬಕ್ಕೆ ಒರಗಿದವರು ಒರಗಿಯೇ ಇದ್ದರು, ಒಬ್ಬರ ಮುಖ ಒಬ್ಬರು ನೋಡಿ ನಗಾಡಿದರು. ಗಂಟೆಯೂ ಬಡಿಯಿತು, ದೂರದಿಂದ, ಅದಕ್ಕೂ ನಕ್ಕರು. ಪ್ರಹ್ಲಾದರಾಯರು ಚೇಂಬರಿನ ಬಾಗಿಲಿಗೆ ಬಂದು ನಿಂತದ್ದು ಲಕ್ಷ್ಮಿಕಾಂತನಿಗೆ ಮೇಲಿನಿಂದ ಕಂಡಿತು. ಮಜೀದಸಾಬರು ಚಹಾ ಕಪ್ಪು ಕೆಳಗಿಟ್ಟರು.

“ಇನ್ನೊಮ್ಮಿ ಹೇಳು,” ಎಂದ ಲಕ್ಷ್ಮಿಕಾಂತ.

“ಹೇಳಿದ್ರ ಮತ್ತ ನಗ್ತಾರ ಅಣ್ಣ. ನನಗ ಗಾಡಿ ತಪ್ತದ. ಇವತ್ತೂ ತಪ್ಪಿದ್ರ ನಮ್ಮಪ್ಪ ಕಾಲೇಜು ಬಿಡಸ್ತಾನ.” ಅವಳು ಚೀಲ ಎತ್ತಿಕೊಂಡಳು. “ನಾ ಹೊಂಟೆ.”

“ಉಳಿದದ್ದು?”

“ನೀವ ಓದ್ರಿ. ನಾಚಿಕಿ ಬಂದ್ರ ಬಂದ್ ಮಾಡ್ರಿ.”

ಅವಳು ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಅರ್ಧ ನಿಮಿಷದ ಹಿಂದೆ ಹಾರ್ನಿನಲ್ಲಿ ಮಾತಾಡಿದ ಹುಡುಗಿ, ಚೀಲ ಎದೆಗೆ ಅವಚಿಕೊಂಡು, ಜಡೆ ಹಾರಿಸುತ್ತ, ಬಿಸಿಲಿನಲ್ಲಿ ಗೇಟಿನ ಕಡೆ ಓಡುತ್ತಿದ್ದಳು. ನಗು ನಿಂತಿತು. ರೇಡಿಯೋ ತಾನೇ ಓಡುವುದನ್ನು ಕಂಡ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಮೊದಲು ವೇಟಿಂಗ್ ರೂಮಿನ ಹುಡುಗಿಯರು ಎದ್ದರು, ಅವರ ಹಿಂದೆ ವರಾಂಡವೆಲ್ಲ ಎದ್ದಿತು. “ಅಯ್ಯ, ಖರೇನ ಅದ, ನಡಿ ನಡಿ” ಎನ್ನುತ್ತ ಒಬ್ಬ ಎರಡು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ.

ಲಕ್ಷ್ಮಿಕಾಂತ ತಿರುಗಿದ. ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಕಾಲೇಜಿನಲ್ಲಿ ಉಳಿದವರು ಊರಿನ ನಾಲ್ಕಾರು ಹುಡುಗರು, ಕ್ಯಾಂಟೀನಿನವನು, ಮಜೀದಸಾಬರು, ಪ್ರಿನ್ಸಿಪಾಲರು. ಆಚೆ ಗೇಟಿನಲ್ಲಿ ಒಬ್ಬ. ಬಂದ್ ಮಾಡಿದರೂ ಆಗುತ್ತಿತ್ತು, ರೇಡಿಯೋ ಉಳಿದಾಗಿತ್ತು. ಕುರ್ಚಿ ಎಳೆದು ಕೂತ. ಗುರುದೇವಿ ಬಿಟ್ಟ ಸಾಲು ಹುಡುಕಿ ಓದಲು ಶುರು ಮಾಡಿದ. ಹಾರ್ನಿನಿಂದ ಹೊರಟ ತನ್ನ ದನಿ ಎದುರಿನ ಗೋಡೆಗೆ ಬಡಿದು ವಾಪಸು ಬಂದಾಗ ಯಾರೋ ಜಲ್ಲಿ ಸುರುವಿದಂತೆ ಕೇಳಿತು. ಎರಡನೆಯ ಪ್ಯಾರಾದಲ್ಲಿ ‘ಆಕೆಯ ಗಾಯನವು ಬಹುಭಾಷಿಕ ಪ್ರತಿರೋಧದ ಅಭಿವ್ಯಕ್ತಿಯಾಗಿದೆ’ ಎಂಬ ವಾಕ್ಯ ಎದುರಾಯಿತು. ಗುರುದೇವಿಯ ಕಣ್ಣು ತಪ್ಪಿಸಿ ಉಳಿಸಿಕೊಂಡಿದ್ದ ವಾಕ್ಯ. ‘ಬಹು’ ಅಂದ, ನಾಲಿಗೆ ಮುಂದೆ ಹೋಗಲಿಲ್ಲ. ಕೆಮ್ಮಿದ. “ಅಂದ್ರ, ಬೀಗರು ಯಾವ ಭಾಷೆದಾಗ ಜಂಬ ಮಾಡ್ತಾರೋ ಆಕಿ ಅದ ಭಾಷೆದಾಗ ಜಂಬ ಇಳಸ್ತಾಳ,” ಎಂದ. ಕ್ಯಾಂಟೀನಿನವನು ಕಪ್ಪು ತೊಳೆಯುವುದನ್ನು ಬಿಟ್ಟು ಬಾಗಿಲಿಗೆ ಬಂದ.

ಕಡೆಯ ಪ್ಯಾರಾ ತನಕ ಓದಿದ. ಕತ್ತರಿಸುವವರು ಯಾರೂ ಇರಲಿಲ್ಲ. ಮುಗಿಸಿ ಮುಖ ಎತ್ತಿದಾಗ ಪ್ರಹ್ಲಾದರಾಯರು ಮೆಟ್ಟಿಲು ಹತ್ತಿದ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು.

“ಮಜೀದಸಾಬನ್ನ ಕಳಿಸಿದೆ. ಏನೂ ಬಿಚ್ಚಲಿಲ್ಲ ಅವ,” ಎಂದರು. “ನಿನ್ನ ದನಿ ಭಾಳ ಕೆಟ್ಟದ.”

“ಹೌದು ಸರ್.”

“ಗಾಡಿ ಬರೋತನಕ ಆ ಹುಡುಗಿ ಓದ್ಲಿ. ಗಾಡಿ ಹೋದಮ್ಯಾಲ ಇದ್ದವರಿಗೆ ನೀ ಓದು.” ಇಳಿಯಲು ತಿರುಗಿದವರು ಮತ್ತೆ ನಿಂತರು. “ನಾಳಿಗೇನು ಅದ?”

ಲಕ್ಷ್ಮಿಕಾಂತ ಜೇಬು ಮುಟ್ಟಿಕೊಂಡ. ನಾಳೆಗೆ ಏನೂ ಬರೆದಿರಲಿಲ್ಲ. “ವಾಡಿ, ಸರ್,” ಎಂದ. “ಈ ಸಲ ಹೋಗಿ ಬರ್ತೀನಿ.”